ನಾಗವಾರದ ನಕ್ಷೆ, ತೈವಾನಿನ ಕುಲುಮೆ

ಯಶವಂತಪುರದ ಉತ್ತರಕ್ಕಿರುವ ಜಾಲಹಳ್ಳಿಯಲ್ಲಿ 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಸಂಸ್ಥೆಯ ಸಹಕಾರದಿಂದ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ, 1967ರಲ್ಲಿ ಸಿಲಿಕಾನ್ ಉಪಕರಣಗಳನ್ನೂ ಐಸಿಗಳನ್ನೂ (ಚಿಪ್ಪುಗಳನ್ನೂ) ತಯಾರಿಸತೊಡಗಿತೆಂಬುದನ್ನು ಬಲ್ಲವರು ಇಂದು ವಿರಳ. ಜಗತ್ತಿನ ಅತ್ಯಾಧುನಿಕ ಚಿಪ್ಪುಗಳ ಬಹುಪಾಲನ್ನು ಈಗ ತಯಾರಿಸುತ್ತಿರುವ ತೈವಾನಿನ ಟಿಎಸ್‌ಎಂಸಿ ಸಂಸ್ಥೆಯು ಹುಟ್ಟಿದ್ದು ಅದಾದ ಇಪ್ಪತ್ತು ವರ್ಷಗಳ ತರುವಾಯ. ಈಗಲಾದರೋ ಹೆಬ್ಬಾಳಕ್ಕೂ ನಾಗವಾರಕ್ಕೂ ನಡುವಣ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಎನ್‌ಎಕ್ಸ್‌ಪಿಯಂಥ ಸಂಸ್ಥೆಗಳ ಎಂಜಿನಿಯರುಗಳು ಚಿಪ್ಪುಗಳ ನಕ್ಷೆಯನ್ನು ರಚಿಸುತ್ತಾರೆ; ಆ ನಕ್ಷೆ ಸಿಲಿಕಾನಿನ ಮೇಲೆ ಮೂಡುವುದು ಮಾತ್ರ ಪರದೇಶದಲ್ಲಿ.

ತಯಾರಿಕೆ ಹೀಗೆ ಪರದೇಶದ ಪಾಲಾದುದಕ್ಕೆ ಅಗ್ಗದ ಕೂಲಿಯೇ ಕಾರಣವೆಂಬ ಮಾತು ಅರ್ಧಸತ್ಯ. ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆಯು 1963ರಲ್ಲಿ ಹಾಂಗ್‌ಕಾಂಗಿನಲ್ಲಿ ಜೋಡಣಾ ಘಟಕವನ್ನು ತೆರೆದುದು ಕೂಲಿಗಾಗಿಯೇ ಹೌದು. ಆದರೆ ಅಂದು ಕಡಲಾಚೆಗೆ ಹೋದದ್ದು ತಂತಿ ಬೆಸೆಯುವ ಕೈಗೆಲಸವೇ ಹೊರತು ಚಿಪ್ಪನ್ನೇ ತಯಾರಿಸುವ ಕುಲುಮೆಯಲ್ಲ. ಕುಲುಮೆಯೂ ಹೋಗುವಂತಾದುದು ಒಂದು ವೈಜ್ಞಾನಿಕ ಸೌಕರ್ಯದಿಂದ. 1980ರಲ್ಲಿ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಎಂಬವರು ತಮ್ಮ ಪಠ್ಯದಲ್ಲಿ, ತಯಾರಿಕೆಯ ರಸಾಯನವನ್ನು ಅರಿಯದವನೂ ಗೆರೆಗಳ ಅಗಲ ಮತ್ತು ಅಂತರಗಳ ಕೆಲವು ನಿಯಮಗಳನ್ನು ಪಾಲಿಸಿದರೆ ಚಿಪ್ಪಿನ ವಿನ್ಯಾಸವನ್ನು ರಚಿಸಬಹುದೆಂದು ತೋರಿಸಿಕೊಟ್ಟರು. ಏಳು ವರ್ಷಗಳ ಬಳಿಕ ಮೋರಿಸ್ ಚಾಂಗ್, ಸ್ವಂತ ವಿನ್ಯಾಸವೊಂದನ್ನೂ ಮಾಡದೆ ಅನ್ಯರ ನಕ್ಷೆಗಳನ್ನು ಮಾತ್ರ ಮೂರ್ತಗೊಳಿಸುವ ಟಿಎಸ್‌ಎಂಸಿಯನ್ನು ಸ್ಥಾಪಿಸಿದರು.

ಪರಾವಲಂಬನೆಯ ಮರ್ಮವಿರುವುದು ಇಲ್ಲಿಂದ ಮುಂದೆ. ಮುನ್ನೂರು ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯೊಂದು, ಬೆಳಕಿನಿಂದ ಚಿತ್ರಿಸುವುದು, ಕೊರೆಯುವುದು, ಲೇಪಿಸುವುದು, ಅನ್ಯ ಪರಮಾಣುಗಳನ್ನು ಸೇರಿಸುವುದು ಮೊದಲಾದ ನೂರಾರು ಸಂಸ್ಕಾರಗಳನ್ನು ತಿಂಗಳುಗಟ್ಟಲೆ ಹಾದುಬರುತ್ತದೆ. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಬಿದ್ದರೂ ಆ ಸ್ಥಳದ ಚಿಪ್ಪು ವ್ಯರ್ಥ. ಹೊಸ ವಿಧಾನದ ಆರಂಭದಲ್ಲಿ ಕೆಡುವ ಚಿಪ್ಪುಗಳೇ ಹೆಚ್ಚು; ಸಾವಿರಾರು ಬಿಲ್ಲೆಗಳನ್ನು ಬೇಯಿಸಿ, ಪ್ರತಿಯೊಂದು ದೋಷದ ಮೂಲವನ್ನು ಬೆನ್ನಟ್ಟಿದಾಗಲೇ ಒಳ್ಳೆಯವುಗಳ ಪ್ರಮಾಣ ಮೇಲೇರುವುದು. ಈ ಅನುಭವಜ್ಞಾನ ಪುಸ್ತಕದಲ್ಲಿ ದೊರೆಯದು, ಕುಲುಮೆ ಉರಿಸುವವನಲ್ಲಿಯೇ ಸಂಚಯವಾಗುತ್ತದೆ. ವಿನ್ಯಾಸಕನ ಕೈಗೆ ಬರುವುದು ಆ ಕಾರ್ಖಾನೆಯ ಟ್ರಾನ್ಸಿಸ್ಟರುಗಳ ವರ್ತನೆಯನ್ನು ಅಳೆದು ಸಿದ್ಧಗೊಳಿಸಿದ ದತ್ತಾಂಶಗಳ ಕಟ್ಟು ಮಾತ್ರ. ಅದರ ಮೇಲೆ ಕೋಟ್ಯಂತರ ಟ್ರಾನ್ಸಿಸ್ಟರುಗಳನ್ನು ಹೊಂದಿಸಿದವನು ಕಾರ್ಖಾನೆಯನ್ನು ಬದಲಾಯಿಸಬೇಕೆಂದರೆ, ವಿನ್ಯಾಸದ ಬಹುಭಾಗವನ್ನೂ ನಕ್ಷೆಯನ್ನು ಬಿಲ್ಲೆಯ ಮೇಲೆ ಮೂಡಿಸುವ ಮಾಸ್ಕ್ ಗಾಜುಗಳನ್ನೂ ಪರೀಕ್ಷೆಗಳನ್ನೂ ಮರಳಿ ಮೊದಲಿನಿಂದ ಮಾಡಬೇಕಾಗುತ್ತದೆ. ಮಗ್ಗದ ಒಂದು ಜಕಾರ್ಡಿಗೆ ಕೊರೆದ ವಿನ್ಯಾಸದ ರಟ್ಟು ಬೇರೆ ಕೊಕ್ಕೆಸಂಖ್ಯೆಯ ಜಕಾರ್ಡಿಗೆ ಒಗ್ಗದೆಂಬುದನ್ನು ದೊಡ್ಡಬಳ್ಳಾಪುರದ ನೇಕಾರರಿಗೆ ಯಾರೂ ವಿವರಿಸಬೇಕಾದ್ದಿಲ್ಲ. ಅಗ್ಗವೆಂದು ಹೋದವರು, ಅಗ್ಗವು ಮಾಯವಾದ ಮೇಲೂ ಹಿಂದಿರುಗಲಾರದೆ ಉಳಿಯುವುದು ಹೀಗೆ.

ಸ್ವಂತ ಕಾರ್ಖಾನೆಗಳಿರುವ ಎನ್‌ಎಕ್ಸ್‌ಪಿಯೇ 2023ರಲ್ಲಿ ಬಾಷ್ ಮತ್ತು ಇನ್ಫಿನಿಯಾನ್ ಸಂಸ್ಥೆಗಳೊಡಗೂಡಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಕಾರ್ಖಾನೆ ಕಟ್ಟಲು ಟಿಎಸ್‌ಎಂಸಿಯೊಡನೆ ಕೈಜೋಡಿಸಿತು; ಅದರಲ್ಲಿ ಶೇಕಡಾ 70ರ ಪಾಲು ಟಿಎಸ್‌ಎಂಸಿಯದೇ. ಇತ್ತ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಘಟಕವು 2025ರಲ್ಲಿ ಐಫೋನುಗಳ ಜೋಡಣೆಯನ್ನು ಆರಂಭಿಸಿದ್ದು ಉದ್ಯೋಗದ ದೃಷ್ಟಿಯಿಂದ ಸ್ವಾಗತಾರ್ಹವೇ. ಆದರೆ ಆ ಫೋನಿನ ಮುಖ್ಯ ಚಿಪ್ಪು ಟಿಎಸ್‌ಎಂಸಿಯದು. ಜೋಡಣೆಯನ್ನೇ ಸ್ವಾವಲಂಬನೆಯೆಂದು ಕೊಂಡಾಡುವುದು ನನಗೆ ಅವಸರದ ಸಂತೋಷವಾಗಿ ತೋರುತ್ತದೆ. ಗುಜರಾತಿನ ಧೊಲೇರಾದಲ್ಲಿ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದ ಟಾಟಾ ಚಿಪ್ ಕಾರ್ಖಾನೆಗೂ ತಯಾರಿಕೆಯ ವಿದ್ಯೆಯನ್ನು ಕೊಡಲಿರುವುದು ತೈವಾನಿನದೇ ಪಿಎಸ್‌ಎಂಸಿ ಸಂಸ್ಥೆ.