ಸೇದುವವರು ಒಬ್ಬರು, ಉಸಿರಾಡುವವರು ಹಲವರು

ಸಿಗರೇಟ್ ಸೇದುವುದು ಅವರವರ ಇಷ್ಟ, ಹೋಟೆಲಿನಲ್ಲಿ ಯಾಕೆ ತಡೆಯಬೇಕು ಎಂದು ಕೇಳುವವರಿದ್ದಾರೆ. ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ನನ್ನ ಅಣ್ಣ ಸಿಗರೇಟ್ ಮುಟ್ಟಿದವನಲ್ಲ. ಆದರೂ ರಾತ್ರಿ ಮನೆಗೆ ಬಂದಾಗ ಅಂಗಿಯೆಲ್ಲ ಹೊಗೆಯ ವಾಸನೆ. ಗಿರಾಕಿ ಅರ್ಧ ಗಂಟೆ ಕೂತು ಎದ್ದು ಹೋಗುತ್ತಾನೆ. ಕೆಲಸಗಾರ ದಿನವಿಡೀ ಅದೇ ಗಾಳಿಯಲ್ಲಿರುತ್ತಾನೆ. ಪರರ ಹೊಗೆಯಿಂದಲೂ ಶ್ವಾಸಕೋಶದ ಕ್ಯಾನ್ಸರ್, ಹೃದ್ರೋಗ ಬರಬಹುದು. ಫ್ಯಾನ್ ಹಾಕಿದರೆ ಅದು ಪೂರ್ತಿ ಹೋಗುವುದಿಲ್ಲ.

ಇದೇ ಕಾರಣಕ್ಕೆ ಐರ್ಲೆಂಡ್ 2004ರಲ್ಲಿ ಬಾರ್‌ಗಳೂ ಸೇರಿದಂತೆ ಕೆಲಸದ ಸ್ಥಳಗಳ ಒಳಗೆ ಧೂಮಪಾನ ನಿಷೇಧಿಸಿತು. ನಮ್ಮಲ್ಲಿ 2003ರ ಕೋಟ್ಪಾ ಕಾಯ್ದೆಯ ನಿಯಮಗಳು 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲ್‌ಗಳಿಗೆ ಅನ್ವಯಿಸಿದವು. ಆದರೆ 30 ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟ್‌ಗಳು ಧೂಮಪಾನಕ್ಕೆ ಪ್ರತ್ಯೇಕ ಜಾಗ ಇಡಬಹುದು. ಅಲ್ಲಿ ಬೂದಿ ಗುಡಿಸುವವನೂ ಒಬ್ಬ ಕೆಲಸಗಾರನೇ.

2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. 21 ವರ್ಷದೊಳಗಿನವರಿಗೆ, ಎಂದರೆ ನಮಗೆ, ಸಿಗರೇಟ್ ಮಾರುವಂತಿಲ್ಲ.

ನಿಯಮ ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಮಾಲೀಕರದ್ದು. ಕೆಲಸ ಹೋಗುವ ಭಯದಿಂದ ಸಪ್ಲೈಯರ್ ಸುಮ್ಮನಿರುತ್ತಾನೆ. ಗಿರಾಕಿಗಳಾದ ನಾವು ಗಲ್ಲಾದ ಬಳಿ ಹೋಗಿ ಮರ್ಯಾದೆಯಿಂದಲೇ ಹೇಳಬಹುದಲ್ಲವೇ?