ಕಲೆಯಿಲ್ಲದ ದಿನದ ಲೆಕ್ಕ

"ಸಾ, ಧೂಳು ಕೂತೈತೆ" ಎನ್ನುತ್ತಾ ಆ ಹುಡುಗಿ ಬಗ್ಗಿ ಕಾಗದದ ಮೇಲೆ ಉಫ್ ಎಂದು ಊದಿದಳು. ಧೂಳು ಹಾರಲಿಲ್ಲ. ಬೆರಳಿನಿಂದ ಒರೆಸಿದಳು. ಅದು ಅಳಿಸಿಹೋಗುವ ಬದಲು ಅವಳ ಬೆರಳಿನ ಮೇಲೆಯೇ ಬಂದು ಕೂತಿತು.

2024ರ ಮೇ ಎರಡನೆಯ ವಾರ. ತಿಪಟೂರಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಐದು ದಿನದ ಬೇಸಿಗೆ ಶಿಬಿರ. ಬೆಳಿಗ್ಗೆ ಒಂಬತ್ತೂವರೆಗೆ ಸೂರ್ಯನನ್ನು ತೋರಿಸುವ ಕೆಲಸ ನನ್ನದು. ನನ್ನ ಹತ್ತಿರ ಇದ್ದದ್ದು 60 ಮಿಲಿಮೀಟರಿನ ಪುಟ್ಟ ಟೆಲಿಸ್ಕೋಪು, ಒಂದು ಶೂ ಡಬ್ಬ, ಅದರೊಳಗೆ ಅಂಟಿಸಿದ ಬಿಳಿ ಹಾಳೆ. ಟೆಲಿಸ್ಕೋಪಿಗೆ ಯಾರೂ ಕಣ್ಣಿಡುವ ಹಾಗಿಲ್ಲ; ಇಟ್ಟರೆ ಕಣ್ಣು ಹೋಗುತ್ತದೆ. ಐಪೀಸಿನಿಂದ ಹೊರಬೀಳುವ ಬೆಳಕನ್ನು ಡಬ್ಬದೊಳಗಿನ ಹಾಳೆಯ ಮೇಲೆ ಬೀಳಿಸಿದರೆ ತಿಂಡಿ ತಟ್ಟೆಯಗಲದ ಸೂರ್ಯ ಮೂಡುತ್ತಾನೆ. (ಹಿಂದೊಮ್ಮೆ ಹೀಗೇ ಬಿಸಿಲಿಗೆ ಹಿಡಿದು ಮಾತಿನಲ್ಲಿ ಮೈಮರೆತಾಗ ಐಪೀಸಿನ ಪ್ಲಾಸ್ಟಿಕ್ ಕರಗಿ ವಾಸನೆ ಬಂದಿತ್ತು. ಆಮೇಲಿಂದ ನಡುನಡುವೆ ಮುಚ್ಚಳ ಹಾಕುತ್ತೇನೆ.)

ಆ ವಾರ ಸೂರ್ಯನ ಮೇಲೊಂದು ಭಾರೀ ಕಲೆಗಳ ಗುಂಪಿತ್ತು. ಅಗಲ ಸುಮಾರು ಎರಡು ಲಕ್ಷ ಕಿಲೋಮೀಟರು, ಅಂದರೆ ಹದಿನೈದು ಭೂಮಿಗಳನ್ನು ಸಾಲಾಗಿ ಜೋಡಿಸುವಷ್ಟು. ನಮ್ಮ ಹಾಳೆಯ ಮೇಲೆ ಮಾತ್ರ ಹುಣಸೆ ಬೀಜದಷ್ಟು ಜಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಧೂಳೋ ಅಲ್ಲವೋ ತಿಳಿಯಲು ಸುಲಭದ ಉಪಾಯವೊಂದಿದೆ. ಐಪೀಸನ್ನು ಮೆಲ್ಲಗೆ ತಿರುಗಿಸಬೇಕು. ಗಾಜಿನ ಮೇಲಿನ ಧೂಳಾದರೆ ಜೊತೆಗೇ ತಿರುಗುತ್ತದೆ. ತಿರುಗಿಸಿದೆ. ಸಾಸಿವೆ ಕದಲಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ನೋಡುತ್ತಲೇ ನಿಂತಳು. ಆಮೇಲೆ ಕೇಳಿದಳು: "ನಾಳೆ ಬಂದ್ರೆ ಇರ್ತೈತಾ ಸಾ?"

ಇದೇ ಪ್ರಶ್ನೆಯನ್ನು ಹಿಡಿದು ನಲವತ್ತಕ್ಕೂ ಹೆಚ್ಚು ವರ್ಷ ಕೂತವನೊಬ್ಬನಿದ್ದ. ಜರ್ಮನಿಯ ಡೆಸೌ ಎಂಬ ಊರಿನ ಔಷಧಿ ಅಂಗಡಿಯವನು, ಸಾಮ್ಯುಯೆಲ್ ಹೈನ್ರಿಶ್ ಶ್ವಾಬೆ. ಹುಟ್ಟಿದ್ದು 1789ರಲ್ಲಿ. ಅಂಗಡಿ ತಾಯಿಯ ಮನೆತನದ್ದು. ಅದನ್ನು ನಡೆಸುವುದಕ್ಕೆಂದೇ ಬರ್ಲಿನ್ನಿಗೆ ಹೋಗಿ ಔಷಧಶಾಸ್ತ್ರ ಓದಿದ. ಅಲ್ಲಿ ಪಾಠ ಹೇಳಿದವರಲ್ಲಿ ಯುರೇನಿಯಂ ಕಂಡುಹಿಡಿದ ಕ್ಲಾಪ್ರೋಟ್ ಕೂಡ ಒಬ್ಬ. ಊರಿಗೆ ಮರಳಿ ಕಷಾಯ, ಪುಡಿ, ಲೇಪಗಳನ್ನು ತೂಗಿ ಕೊಡುತ್ತಾ ದಿನ ಕಳೆಯುತ್ತಿದ್ದವನಿಗೆ ಗಿಡಗಳ ಹುಚ್ಚೂ ಇತ್ತು, ಆಕಾಶದ ಹುಚ್ಚೂ ಇತ್ತು. 1825ರಲ್ಲಿ ಕೈಗೆ ಬಂದ ಮೊದಲ ದುರ್ಬೀನು ಲಾಟರಿಯಲ್ಲಿ ಗೆದ್ದದ್ದಂತೆ. ಮರುವರ್ಷ ಮ್ಯೂನಿಕ್ಕಿನ ಫ್ರೌನ್‌ಹೋಫರ್ ಕಾರ್ಖಾನೆಯಿಂದ ಇನ್ನೂ ಒಳ್ಳೆಯದೊಂದನ್ನು ತರಿಸಿಕೊಂಡ. 1829ರಲ್ಲಿ ಅಂಗಡಿಯನ್ನೇ ಮಾರಿಬಿಟ್ಟ.

ಆತ ಹುಡುಕಲು ಹೊರಟದ್ದು ಸೌರಕಲೆಗಳನ್ನಲ್ಲ, ಒಂದು ಗ್ರಹವನ್ನು. ಬುಧನಿಗಿಂತಲೂ ಒಳಗೆ, ಸೂರ್ಯನಿಗೆ ಅಂಟಿಕೊಂಡಂತೆ ಸುತ್ತುವ ಗ್ರಹವೊಂದು ಇರಬಹುದು ಎಂಬ ಗುಮಾನಿ ಆ ಕಾಲಕ್ಕಿತ್ತು. ಅಷ್ಟು ಹತ್ತಿರ ಇರುವುದು ಸೂರ್ಯನ ಪ್ರಖರತೆಯಲ್ಲಿ ಮುಳುಗಿಹೋಗುತ್ತದೆ. ಅದನ್ನು ಹಿಡಿಯಲು ಇದ್ದದ್ದು ಒಂದೇ ದಾರಿ: ಅದು ಸೂರ್ಯನ ಮುಂದೆ ಹಾದುಹೋಗುವಾಗ ಕರಿ ಚುಕ್ಕಿಯಾಗಿ ಕಾಣಬೇಕು. ತೊಡಕೇನೆಂದರೆ ಸೂರ್ಯನ ಮೇಲೆ ಕರಿ ಚುಕ್ಕಿಗಳಿಗೇನೂ ಬರವಿಲ್ಲ. ಸೂರ್ಯ ತಿರುಗುತ್ತಿರುವುದರಿಂದ ಕಲೆಯೊಂದು ಈ ಅಂಚಿನಿಂದ ಆ ಅಂಚಿಗೆ ಸಾಗಲು ಹದಿಮೂರು ದಿನವಾದರೂ ಬೇಕು. ಗ್ರಹವಾದರೆ ಕೆಲವೇ ಗಂಟೆಗಳಲ್ಲಿ ದಾಟಿಬಿಡುತ್ತದೆ. ಸಂತೆಯಲ್ಲಿ ಹೊಸಬನನ್ನು ಗುರುತಿಸಬೇಕಾದರೆ ಹಳಬರೆಲ್ಲರ ಮುಖ ಗೊತ್ತಿರಬೇಕಲ್ಲ? ಹಾಗಾಗಿ ಶ್ವಾಬೆ ಮೋಡವಿಲ್ಲದ ದಿನವೆಲ್ಲ ಸೂರ್ಯನ ಚಿತ್ರ ಬರೆದ. ಗುಂಪು ಗುಂಪಿಗೂ ನಂಬರು ಕೊಟ್ಟ. ಹೊಸ ವರ್ಷ ಬಂದಾಗ ಮತ್ತೆ ಒಂದರಿಂದ ಶುರು.

ಗ್ರಹ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಅಂಥದ್ದೊಂದು ಇರಲೇ ಇಲ್ಲ. ಆದರೆ ಅದರ ಆಸೆ ಬಹಳ ಕಾಲ ಉಳಿಯಿತು. 1859ರಲ್ಲಿ ಫ್ರಾನ್ಸಿನ ಹಳ್ಳಿಯ ವೈದ್ಯನೊಬ್ಬ ಕಂಡೆ ಎಂದ, ಅದಕ್ಕೆ ವಲ್ಕನ್ ಎಂಬ ಹೆಸರೂ ಬಿತ್ತು. ಕೊನೆಗೆ 1915ರಲ್ಲಿ ಐನ್‌ಸ್ಟೈನ್, ಈ ಗ್ರಹದ ಎಳೆತದಿಂದಲೇ ಇರಬೇಕೆಂದು ನಂಬಿದ್ದ ಬುಧನ ದಾರಿಯ ವಕ್ರಕ್ಕೆ ಬೇರೆಯೇ ಲೆಕ್ಕ ಕೊಟ್ಟ ಮೇಲೆ ವಲ್ಕನ್ನಿನ ಅಗತ್ಯವೇ ತಪ್ಪಿತು.

ಶ್ವಾಬೆಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಮೂರನೆಯ ವರ್ಷವೇ "ಗ್ರಹ ಸಿಕ್ಕಿತೇನಪ್ಪ?" ಎಂದು ಕೇಳಿ ಕಡತ ಮುಚ್ಚಿಸುತ್ತಿದ್ದರು. ಹವ್ಯಾಸಿಗೆ ಆ ಕಾಟವಿಲ್ಲ. ಗ್ರಹ ಸಿಗದಿದ್ದರೂ ಹಳಬರ ಪಟ್ಟಿ ಬೆಳೆಯುತ್ತಲೇ ಇತ್ತು. ವರ್ಷದ ಕೊನೆಗೆ ಆತ ಮೂರು ಸಂಖ್ಯೆ ಬರೆಯುತ್ತಿದ್ದ: ಎಷ್ಟು ದಿನ ನೋಡಿದೆ, ಎಷ್ಟು ಗುಂಪು ಕಂಡೆ, ಒಂದೂ ಕಲೆಯಿಲ್ಲದ ದಿನ ಎಷ್ಟು.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹಿಡಿಸುವುದು ಮೂರನೆಯ ಸಂಖ್ಯೆ. ಏನಾದರೂ ಕಂಡಾಗ ಬರೆದಿಡುವುದು ಎಲ್ಲರೂ ಮಾಡುವ ಕೆಲಸ. ದುರ್ಬೀನು ಹೂಡಿ, ಕಪ್ಪು ಗಾಜು ಹಾಕಿ, ಚಳಿಯಲ್ಲಿ ಕಾದು, ಏನೂ ಕಾಣದೆ ಒಳಗೆ ಬಂದು, 'ಇವತ್ತು ನೋಡಿದೆ, ಏನೂ ಇರಲಿಲ್ಲ' ಎಂದು ಬರೆಯುವುದಿದೆಯಲ್ಲ, ಅದಕ್ಕೆ ಬೇರೆ ಥರದ ಮನಸ್ಸು ಬೇಕು. 'ನೋಡಲಾಗಲಿಲ್ಲ' ಎಂಬುದಕ್ಕೂ 'ನೋಡಿದೆ, ಇರಲಿಲ್ಲ' ಎಂಬುದಕ್ಕೂ ಇರುವ ಅಂತರ, ತಕ್ಕಡಿಯ ಮುಂದೆ ಬಾಳಿದವನಿಗೆ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. ಡಬ್ಬಿ ಖಾಲಿ ಇದೆ ಎನ್ನುವುದೂ ಅಂಗಡಿಯವನಿಗೆ ಒಂದು ಲೆಕ್ಕವೇ.

ಆ ಲೆಕ್ಕ ಹೀಗಿದೆ. 1828ರಲ್ಲಿ 225 ಗುಂಪು. ಕಲೆಯಿಲ್ಲದ ದಿನ ಒಂದೂ ಇಲ್ಲ. ಮುಂದೆ ಇಳಿಯುತ್ತಾ ಹೋಗಿ 1833ರಲ್ಲಿ ಬರೇ 33 ಗುಂಪು. ಆ ವರ್ಷ 267 ದಿನ ನೋಡಿದ್ದರಲ್ಲಿ 139 ದಿನ ಸೂರ್ಯ ಖಾಲಿ. ಮತ್ತೆ ಏರಿ, 1837ರಲ್ಲಿ 333. ಆ ವರ್ಷ ಹವೆ ಕೈಕೊಟ್ಟು ನೋಡಲು ಸಿಕ್ಕಿದ್ದು 168 ದಿನ ಮಾತ್ರ. ಆದರೂ ಗುಂಪುಗಳು ಹತ್ತು ಪಟ್ಟು, ಖಾಲಿ ದಿನ ಸೊನ್ನೆ. ಪುನಃ ಇಳಿದು 1843ರಲ್ಲಿ 34 ಗುಂಪು, 312 ದಿನದಲ್ಲಿ 149 ದಿನ ಖಾಲಿ. ಮೂವತ್ತಮೂರು, ಮುನ್ನೂರ ಮೂವತ್ತಮೂರು, ಮೂವತ್ತನಾಲ್ಕು. ಕಾಗದದ ಮೇಲೆ ಇಟ್ಟು ನೋಡಿದರೆ ಕುರುಡನಿಗೂ ಕಾಣುವ ಏರಿಳಿತ. ಆದರೆ ಕಾಗದದ ಮೇಲೆ ಇಡುವುದಕ್ಕೆ ಹದಿನೆಂಟು ವರ್ಷ ಬೇಕಾಯಿತು.

ಹಾಗೆಂದು ಅದಕ್ಕೂ ಮೊದಲು ಯಾರಿಗೂ ಹೊಳೆದಿರಲಿಲ್ಲ ಎಂದಲ್ಲ. ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಹೊರೆಬೋ 1776ರಲ್ಲೇ ಕಲೆಗಳಿಗೊಂದು ಆವರ್ತ ಇರಬಹುದೆಂದು ಬರೆದುಕೊಂಡಿದ್ದ. ಅದೇ ವರ್ಷ ತೀರಿಕೊಂಡ. ಮಾತು ಡೈರಿಯಲ್ಲೇ ಉಳಿಯಿತು. ಗೆಲಿಲಿಯೋನ ಕಾಲದಿಂದ ಇನ್ನೂರು ವರ್ಷ ಎಷ್ಟೋ ಮಂದಿ ಕಲೆಗಳನ್ನು ನೋಡಿದ್ದರು. ಕಂಡಾಗ ನೋಡಿದರು, ಕಾಣದಾಗ ಬಿಟ್ಟರು.

ಶ್ವಾಬೆ ತನ್ನ ಲೆಕ್ಕವನ್ನು ಜರ್ಮನ್ ಖಗೋಳ ಪತ್ರಿಕೆಯೊಂದಕ್ಕೆ ಕಳಿಸಿದ. ಬರಹದ ಕೆಳಗಿನ ತಾರೀಖು 1843ರ ಡಿಸೆಂಬರ್ 31, ಆ ವರ್ಷದ ಲೆಕ್ಕ ಮುಗಿದ ದಿನವೇ! ಪಟ್ಟಿ ಕೊಟ್ಟು, ಸುಮಾರು ಹತ್ತು ವರ್ಷಗಳ ಆವರ್ತ ಇರುವಂತೆ ತೋರುತ್ತದೆ, ಮುಂದಿನ ವರ್ಷಗಳು ಇದನ್ನು ಹೇಳಬೇಕು ಎಂಬರ್ಥದ ಮಾತು ಸೇರಿಸಿದ. ಬಡಾಯಿಯಿಲ್ಲ. ಓದಿದವರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಆತ ಮತ್ತೆ ದುರ್ಬೀನು ಹೂಡಿದ.

ಈ ಮೌನ ಒಡೆದದ್ದು ಒಂದು ಪುಸ್ತಕದಿಂದ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ತನ್ನ 'ಕಾಸ್ಮೋಸ್' ಮಹಾಗ್ರಂಥದ ಮೂರನೆಯ ಸಂಪುಟದಲ್ಲಿ ಶ್ವಾಬೆಯ ಪಟ್ಟಿಯನ್ನು 1850ರವರೆಗೆ ಮುಂದುವರಿಸಿ ಅಚ್ಚು ಹಾಕಿಸಿದ. 'ಕಾಸ್ಮೋಸ್' ಆ ಕಾಲದ ಯುರೋಪಿನಲ್ಲಿ ಓದು ಬಲ್ಲವರ ಮನೆಮನೆಗೂ ಹೋಗುತ್ತಿದ್ದ ಪುಸ್ತಕ. ಅದನ್ನು ಇಂಗ್ಲಿಷಿಗೆ ತರುತ್ತಿದ್ದವಳು ಎಲಿಜಬೆತ್ ಸಬೈನ್. ಆಕೆಯ ಗಂಡ ಎಡ್ವರ್ಡ್ ಸಬೈನ್ ಟೊರಾಂಟೊ, ಹೋಬರ್ಟ್‌ಗಳಂಥ ದೂರದೂರದ ಠಾಣೆಗಳಿಂದ ಬರುವ ದಿಕ್ಸೂಚಿ ಮುಳ್ಳಿನ ಅಲುಗಾಟದ ದಾಖಲೆಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ. ಮನೆಯೊಳಗೆ ಒಂದು ಮೇಜಿನ ಮೇಲೆ ಸೂರ್ಯನ ಪಟ್ಟಿ, ಇನ್ನೊಂದರ ಮೇಲೆ ಭೂಮಿಯ ಕಾಂತದ ಪಟ್ಟಿ. 1852ರಲ್ಲಿ ಸಬೈನ್ ಸಾರಿದ: ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅದೇ ವರ್ಷ ಸ್ವಿಟ್ಜರ್ಲೆಂಡಿನ ರುಡೋಲ್ಫ್ ವೋಲ್ಫ್ ಹಳೆಯ ದಾಖಲೆಗಳನ್ನೆಲ್ಲ ಕೆದಕಿ ಆವರ್ತ ಹತ್ತಲ್ಲ, ಸರಾಸರಿ ಹನ್ನೊಂದು ವರ್ಷ ಎಂದು ತಿದ್ದಿದ. ಕಲೆಗಳು ಬಲವಾದ ಕಾಂತಕ್ಷೇತ್ರದ ಗಂಟುಗಳು, ಸುತ್ತಲಿಗಿಂತ ಸಾವಿರಕ್ಕೂ ಹೆಚ್ಚು ಡಿಗ್ರಿ ತಣ್ಣಗಿರುವುದರಿಂದ ಕಪ್ಪಾಗಿ ಕಾಣುತ್ತವೆ ಎಂಬ ತಿಳಿವಳಿಕೆ ಬಂದದ್ದು ಬಹಳ ತಡವಾಗಿ. ಅಲ್ಲಿ ಕಾಂತವಿದೆ ಎಂದು ಅಮೆರಿಕದ ಖಗೋಳ ವಿಜ್ಞಾನಿ ಹೇಲ್ ತೋರಿಸಿದ್ದು 1908ರಲ್ಲಿ.

1857ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಶ್ವಾಬೆಗೆ ಚಿನ್ನದ ಪದಕ ಕೊಟ್ಟಿತು. ಆಗ ವಯಸ್ಸು 67. ಕತ್ತೆ ಹುಡುಕಲು ಹೋಗಿ ರಾಜ್ಯ ಪಡೆದ ಬೈಬಲ್ಲಿನ ಸೌಲನಿಗೆ ತನ್ನನ್ನು ಹೋಲಿಸಿಕೊಂಡನಂತೆ ಮುದುಕ. ಪದಕವನ್ನು ಡೆಸೌಗೆ ಸ್ವತಃ ಒಯ್ದು ಕೊಟ್ಟವನು ರಿಚರ್ಡ್ ಕ್ಯಾರಿಂಗ್ಟನ್, ಇಂಗ್ಲೆಂಡಿನ ಬಿಯರ್ ಕಾರ್ಖಾನೆಯ ಮನೆತನದವನು. ಅವನೂ ಸ್ವಂತ ಖರ್ಚಿನಲ್ಲಿ ಸೂರ್ಯನನ್ನು ನೋಡುತ್ತಿದ್ದ ಆಸಾಮಿ.

ಎರಡು ವರ್ಷದ ಮೇಲೆ, 1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಕ್ಯಾರಿಂಗ್ಟನ್ ನಮ್ಮ ಶೂ ಡಬ್ಬದ ವಿಧಾನದಲ್ಲೇ, ಬಣ್ಣ ಬಳಿದ ಗಾಜಿನ ಮೇಲೆ ಸೂರ್ಯನನ್ನು ಬೀಳಿಸಿಕೊಂಡು ಕಲೆಗಳ ಚಿತ್ರ ಬರೆಯುತ್ತಿದ್ದ. 11 ಗಂಟೆ 18 ನಿಮಿಷಕ್ಕೆ ದೊಡ್ಡ ಗುಂಪೊಂದರ ಮೇಲೆ ಎರಡು ಕಡೆ ಫಳ್ಳನೆ ಬೆಳಕು ಹೊತ್ತಿತು. ಆತನಿಗೂ ಮೊದಲು ಬಂದದ್ದು ಆ ಹುಡುಗಿಗೆ ಬಂದಂಥದೇ ಅನುಮಾನ: ಉಪಕರಣದ ದೋಷವಿರಬೇಕು, ಎಲ್ಲಿಂದಲೋ ಬಿಸಿಲು ಸೋರುತ್ತಿರಬೇಕು. ಅಲ್ಲವೆಂದು ಖಾತ್ರಿಯಾದದ್ದೇ ಸಾಕ್ಷಿಗೆ ಯಾರನ್ನಾದರೂ ಕರೆಯಲು ಓಡಿದ. ಒಂದು ನಿಮಿಷದೊಳಗೆ ವಾಪಸು ಬರುವಷ್ಟರಲ್ಲಿ ಬೆಳಕು ಸೊರಗಿತ್ತು. ಪುಣ್ಯಕ್ಕೆ ಲಂಡನ್ನಿನಲ್ಲಿ ಇನ್ನೊಬ್ಬ ಹವ್ಯಾಸಿ ಹಾಡ್ಜ್‌ಸನ್ ಅದನ್ನೇ ನೋಡಿದ್ದ. ಹದಿನೇಳೂವರೆ ಗಂಟೆಯ ಮೇಲೆ ಭೂಮಿಗೆ ಕಾಂತ ಬಿರುಗಾಳಿ ಬಡಿಯಿತು. ಧ್ರುವಗಳ ಕಡೆ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕು ಕ್ಯೂಬಾದವರೆಗೆ ಕಂಡಿತು, ತಂತಿ ಕಚೇರಿಗಳು ತತ್ತರಿಸಿದವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆ ದಿನ ಕೈಬರಹದಲ್ಲಿ ದಾಖಲಾದ ಕಾಂತಬಲದ ಕುಸಿತ, ಆ ಬಿರುಗಾಳಿ ಎಷ್ಟು ದೊಡ್ಡದಿತ್ತೆಂದು ಅಳೆಯಲು ಇಂದಿನ ವಿಜ್ಞಾನಿಗಳಿಗೆ ಸಿಕ್ಕ ಅಪರೂಪದ ಸಾಕ್ಷ್ಯ. ಅಲ್ಲಿ ದಿನವೂ ಮುಳ್ಳು ನೋಡಿ ಬರೆಯುತ್ತಿದ್ದವರೂ ಶ್ವಾಬೆಯ ಪಂಗಡದವರೇ.

ಶ್ವಾಬೆ 1867ರವರೆಗೂ ಬರೆದ. ಎಂಟು ಸಾವಿರಕ್ಕೂ ಮಿಕ್ಕಿದ ಚಿತ್ರಗಳು. ಇತ್ತೀಚೆಗೆ ಜರ್ಮನಿಯ ಪೋಟ್ಸ್‌ಡ್ಯಾಮ್ ಖಗೋಳ ಸಂಸ್ಥೆಯವರು ಅವನ್ನು ಸ್ಕ್ಯಾನ್ ಮಾಡಿಸಿ, ಒಂದೊಂದು ಕಲೆಯ ಜಾಗ, ಗಾತ್ರ ಅಳೆದಿದ್ದಾರೆ. ನಮ್ಮಲ್ಲೂ ಇದಕ್ಕೊಂದು ದಾಯಾದಿ ಇದೆ: ಕೊಡೈಕೆನಾಲಿನಲ್ಲಿ 1904ರಿಂದ ತೆಗೆಯುತ್ತಾ ಬಂದ ಸೂರ್ಯನ ಫೋಟೋಗಳು, ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ವತ್ತು.

ಶಿಬಿರದ ಮಾತಿಗೆ ಬರುತ್ತೇನೆ. ಎರಡನೆಯ ದಿನ ಆ ಹುಡುಗಿ ಎಲ್ಲರಿಗಿಂತ ಮೊದಲು ಬಂದಳು. ಕೈಯಲ್ಲಿ ಚೌಕುಳಿ ನೋಟ್‌ಬುಕ್ಕು. ಒಳಗೆ ಬಳೆ ಇಟ್ಟು ಸುತ್ತ ಪೆನ್ಸಿಲ್ ಎಳೆದ ಐದು ದುಂಡನೆಯ ಸೂರ್ಯರು, ಒಂದೊಂದರ ಕೆಳಗೆ ಒಂದೊಂದು ವಾರದ ಹೆಸರು. ಮಂಗಳವಾರದ್ದನ್ನು ನೆನಪಿನಿಂದ ತುಂಬಿಸಿದ್ದಳು. ಬುಧವಾರದ್ದನ್ನು ಹಾಳೆಯ ಮೇಲಿನ ಚುಕ್ಕಿ ಎಣಿಸಿ ತುಂಬಿಸಿದಳು. ಸೂರ್ಯ ಹಾಳೆಯಿಂದ ಜಾರಿಹೋಗುತ್ತಲೇ ಇದ್ದ. "ಸಾ, ಓಡೋಯ್ತಾವ್ನೆ" ಎಂದು ಕೂಗಿದಾಗಲೆಲ್ಲ ನಾನು ಕೊಳವೆ ಸರಿಸಬೇಕು. ಗುರುವಾರ, ಶುಕ್ರವಾರ ಗುಂಪು ಅಂಚಿನ ಕಡೆಗೆ ಸರಿಯುತ್ತಾ ಹೋದದ್ದನ್ನು ಅವಳು ನನಗೆ ತೋರಿಸಿದಳು, ನಾನು ಅವಳಿಗಲ್ಲ.

ಶುಕ್ರವಾರ ರಾತ್ರಿ ಅದೇ ಗುಂಪು ಉಗುಳಿದ್ದು ಭೂಮಿಗೆ ಬಡಿದು, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅಲ್ಲಿನ ಕ್ಯಾಮೆರಾ ತೆಗೆದ ಚಿತ್ರವನ್ನು ಶನಿವಾರ ಫೋನಿನಲ್ಲಿ ಇಟ್ಟುಕೊಂಡು, ಮಕ್ಕಳಿಗೆ ತೋರಿಸುವ ಉತ್ಸಾಹದಲ್ಲಿ ಶಾಲೆಗೆ ಹೋದರೆ ದಟ್ಟ ಮೋಡ. ಹತ್ತೂವರೆವರೆಗೆ ಕಾದೆವು. ಸೂರ್ಯ ಬರಲಿಲ್ಲ. ಐದನೆಯ ಬಳೆ ಖಾಲಿ ಉಳಿಯಿತು.

ಹುಡುಗಿ ಪೆನ್ಸಿಲ್ ಕಚ್ಚುತ್ತಾ ಯೋಚಿಸಿದಳು. "ಖಾಲಿ ಬಿಟ್ರೆ ಕಲೆ ಇರ್ಲಿಲ್ಲ ಅಂದ್ಕಂತಾರೆ ಅಲ್ವಾ ಸಾ?" ಎಂದಳು. ನಾನು ಉತ್ತರ ಕೊಡುವ ಮೊದಲೇ ಬಳೆಯ ಒಳಗೆ ದಪ್ಪಕ್ಷರದಲ್ಲಿ 'ಮೋಡ' ಎಂದು ಬರೆದು ನೋಟ್‌ಬುಕ್ಕು ಮುಚ್ಚಿದಳು.