ದಣಿದ ಹೃದಯ, ಕುಗ್ಗಿದ ಮನಸ್ಸು
ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದ ಸೀಮೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹುಳು ಹಗಲು ರಾತ್ರಿ ಮೇಯುತ್ತದೆ. ಸೊಪ್ಪು ಕಡಿಯಬೇಕು, ಹೊರೆ ಹೊರಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ವರ್ಷಾನುಗಟ್ಟಲೆ ಇದನ್ನೆಲ್ಲ ಮುಂದೆ ನಿಂತು ಮಾಡಿಸಿದ ಹಿರಿಯರಿಗೆ ಹೃದಯ ವೈಫಲ್ಯ ಬಂದರೆ, ಆ ವಾರ ಜಗಲಿಯಲ್ಲಿ ಸುಮ್ಮನೆ ಕೂರಬೇಕಾಗುತ್ತದೆ. ಈ ಕಾಯಿಲೆಯ ಸಂಕಟಗಳಲ್ಲಿ ಉಬ್ಬಸಕ್ಕಿಂತ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ಹೃದಯಾಘಾತ, ಹತೋಟಿ ತಪ್ಪಿದ ಬಿಪಿ, ಕವಾಟದ ತೊಂದರೆಯಂಥ ಕಾರಣಗಳಿಂದ ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಬಲ ಅದಕ್ಕೆ ಸಾಲದಾಗುತ್ತದೆ. ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ತುಂಬಿಕೊಳ್ಳುತ್ತದೆ.

ರಾತ್ರಿ ಮಲಗಿದೊಡನೆ ಉಸಿರು ಕಟ್ಟಿ ಎದ್ದು ಕೂರುವುದು ಒಂದೆರಡು ಸಲ ಆಯಿತೆಂದರೆ, ಆಮೇಲೆ ಹೊತ್ತು ಮುಳುಗಿದರೇ ಭಯ. ಭಯಕ್ಕೆ ಎದೆಬಡಿತ ಏರುತ್ತದೆ, ಉಸಿರು ಇನ್ನಷ್ಟು ಚಿಕ್ಕದಾಗುತ್ತದೆ. 'ಬರೀ ಹೆದರಿಕೆ ಬಿಡಿ' ಎಂದು ಮನೆಯವರು ತಾವೇ ತೀರ್ಮಾನಿಸಬಾರದು. ಮಲಗಲು ಮೊದಲಿಗಿಂತ ಹೆಚ್ಚು ದಿಂಬು ಬೇಕಾದರೆ, ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ, ಅಂದೇ ವೈದ್ಯರಿಗೆ ತಿಳಿಸಬೇಕು.

ನಾಚಿಕೆಯ ಮಾತನ್ನು ಯಾರೂ ಆಡುವುದಿಲ್ಲ. ನೀರು ಇಳಿಸುವ ಮಾತ್ರೆ ನುಂಗಿದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟವರು ಆ ಅಂಜಿಕೆಗೇ ಮಾತ್ರೆ ಬಿಟ್ಟುಬಿಡುವುದುಂಟು. ಬಿಡುವ ಬದಲು ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಲಿ ಎಂದು ವೈದ್ಯರನ್ನು ಕೇಳಬಹುದು. ಊಟದಲ್ಲೂ ಅಳುಕಿದೆ. ಉಪ್ಪು ಕಡಿಮೆ ಮಾಡಬೇಕೆಂದು ಉಪ್ಪಿನಕಾಯಿ, ಹಪ್ಪಳ ದೂರವಾಗಿ ಸಾರು ಸಪ್ಪೆಯಾದಾಗ, 'ನನ್ನಿಂದ ಮನೆಮಂದಿಗೆಲ್ಲ ಶಿಕ್ಷೆ' ಎಂಬ ಕೊರಗು ಸೇರಿಕೊಳ್ಳುತ್ತದೆ.

ಹೃದಯ ವೈಫಲ್ಯವಿರುವ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆಯೂ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದರೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ದಣಿವು, ನಿದ್ದೆಗೇಡು, ಊಟ ಸೇರದಿರುವುದು ಎರಡು ಕಾಯಿಲೆಗೂ ಸಮಾನ. ಮೊಮ್ಮಗು ಬಂದರೂ ಮುಖ ಅರಳದಿದ್ದರೆ, ಮಾತ್ರೆ ಯಾಕೆ ಎನ್ನತೊಡಗಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಕಾಲಿನ ಊತವನ್ನು ತೋರಿಸಿದ ಹಾಗೆ ಇದನ್ನೂ ವೈದ್ಯರಿಗೆ ಹೇಳಿ. ಆಪ್ತಸಮಾಲೋಚನೆಯಿದೆ, ಹೃದಯಕ್ಕೆ ಹೊಂದುವ ಔಷಧಿಯಿದೆ, ವೈದ್ಯರು ಒಪ್ಪಿದಷ್ಟು ನಡಿಗೆಯೂ ಮನಸ್ಸನ್ನು ಎತ್ತುತ್ತದೆ.

ಹಿರಿಯರ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳುವ ಪ್ರೀತಿ ಒಳ್ಳೆಯದಲ್ಲ. ಕೂತು ಗೂಡು ಆಯಬಹುದು, ಮಾರುಕಟ್ಟೆಯ ದರ ವಿಚಾರಿಸಬಹುದು, ಹುಳುವಿನ ಹದ ನೋಡಿ ಹೇಳಬಹುದು. ಅವರನ್ನು ಕೇಳಿ ಮುಂದುವರಿಯಿರಿ.

ಮನಸ್ಸು ತೀರಾ ಕುಸಿದಾಗ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಆರೈಕೆ ಮಾಡಿ ಸುಸ್ತಾದ ಹೆಂಡತಿ, ಸೊಸೆ, ಮಗನೂ ಕರೆ ಮಾಡಬಹುದು.